ರಾತ್ರಿ ಪಾಳಿಯವರಿಗೂ ಊರಿನ ಸೊಪ್ಪು, ಊರಿನ ಕಾಳು ಸಿಗಬೇಕು: ಹೇಗೆ ಮಾಡುತ್ತಿದ್ದೀರಿ?

ನಸುಕಿನ ಚೀಲ (ಬೊಮ್ಮನಹಳ್ಳಿ)

ರಾತ್ರಿ ಪಾಳಿ ಅಂದ ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ. "ನಿಮಗೆ ಮಾರ್ಕೆಟ್, ತಳ್ಳುಗಾಡಿ ಎಲ್ಲ ಆಗಲ್ಲ, ಆಪ್‌ನಲ್ಲಿ ತರಿಸಿಕೊಳ್ಳಿ." ನನಗೆ ಈ ಮಾತು ಒಪ್ಪಿಗೆಯಿಲ್ಲ. ಬೆಂಗಳೂರಿಗೆ ತರಕಾರಿ ಬರುವುದೇ ರಾತ್ರಿ. ಕಲಾಸಿಪಾಳ್ಯದಲ್ಲಿ ಲಾರಿ, ಟೆಂಪೊ ಇಳಿಯುವುದು ನಡುರಾತ್ರಿಯಲ್ಲಿ. ಕೆ.ಆರ್. ಮಾರ್ಕೆಟ್‌ನಲ್ಲಿ ಹೂವಿನ ವ್ಯಾಪಾರ ಜೋರಾಗಿ ನಡೆಯುವುದು ಸೂರ್ಯ ಹುಟ್ಟುವ ಮೊದಲು. ಮಡಿವಾಳ ಮಾರ್ಕೆಟ್‌ನಲ್ಲಿ ನಸುಕಿಗೇ ಮೂಟೆ ಬಿಚ್ಚಿರುತ್ತಾರೆ. ನಂದಿನಿ ಬೂತ್‌ಗೆ ಹಾಲಿನ ಕ್ರೇಟ್ ಬರುವುದೂ ಆಗಲೇ. ಊರಿಗೆ ಊಟ ಹಾಕುವವರು ರಾತ್ರಿಯಿಡೀ ಎದ್ದಿರುತ್ತಾರೆ. ನಾವೂ ಎದ್ದಿರುತ್ತೇವೆ. ಹಗಲು ಕೆಲಸ ಮಾಡುವವರಿಗಿಂತ ಅವರಿಗೆ ಹತ್ತಿರ ಇರುವುದು ನಾವೇ ಅಲ್ವಾ?

ನನ್ನ ಪಾಳಿ ಸಂಜೆ ಆರೂವರೆಯಿಂದ ಬೆಳಗಿನ ಜಾವ ಮೂರೂವರೆ. ಅಮೆರಿಕದ ಗ್ರಾಹಕರ ಕರೆ ತೆಗೆದುಕೊಳ್ಳುವ ಕೆಲಸ. ಕ್ಯಾಬ್ ಮಡಿವಾಳದ ಮೇಲೇ ಬರುತ್ತದೆ. ಅಲ್ಲೇ ಇಳಿದು, ತರಕಾರಿ ತಗೊಂಡು, ಆಟೊದಲ್ಲಿ ಮನೆಗೆ ಬರುತ್ತೇನೆ. ಬೆಳಕು ಹರಿಯುವ ಮೊದಲೇ ಮಲಗಿರುತ್ತೇನೆ.

"ಊರಿನದ್ದು" ಅಂದರೆ ನನ್ನ ಲೆಕ್ಕ ಹೀಗಿದೆ. ಟೊಮೆಟೊ ಕೋಲಾರದ್ದು. ಸೊಪ್ಪು ಮಾಲೂರು, ಹೊಸಕೋಟೆ, ಆನೇಕಲ್ ಕಡೆಯದ್ದು. ಅವರೆಕಾಯಿ ಮಾಗಡಿಯದ್ದು, ಅದೂ ಚಳಿಗಾಲದಲ್ಲಿ ಮಾತ್ರ. ರಾಗಿ ಹೆಚ್ಚಾಗಿ ನಮ್ಮ ಬಯಲುಸೀಮೆಯದ್ದೇ. ಹಣ್ಣಿಗೆ ದ್ರಾಕ್ಷಿ, ಸೀಬೆ, ಸಿಕ್ಕಾಗ ದೇವನಹಳ್ಳಿ ಚಕ್ಕೋತ. ಸೇಬು ತಿನ್ನಬೇಡಿ ಅನ್ನುತ್ತಿಲ್ಲ. ನೂರು ಕಿಲೋಮೀಟರಿನೊಳಗೆ ಇಷ್ಟೆಲ್ಲ ಬೆಳೆಯುವಾಗ ಮೊದಲು ಅದನ್ನು ಕೇಳಿ ತೆಗೆದುಕೊಳ್ಳೋಣ ಅಂತ.

ಬೇರೆ ಬೇರೆ ಊರಿನ, ಬೇರೆ ಬೇರೆ ಪಾಳಿಯವರು ಹೇಗೆ ಮಾಡುತ್ತಿದ್ದೀರಿ? ಎಲ್ಲಿ ಕೊಳ್ಳುತ್ತೀರಿ, ಯಾವಾಗ ಅಡುಗೆ, ಎಷ್ಟು ಹೊತ್ತಿಗೆ ಊಟ? ಬರೆಯಿರಿ.

ಕೊನೆಯ ಡ್ರಾಪ್ (ಎಚ್.ಎಸ್.ಆರ್. ಲೇಔಟ್)

ಅಣ್ಣ, ನೀವು ಹೇಳಿದ್ದು ಗಂಡಸರಿಗೆ ಸರಿ. ನನ್ನ ಕ್ಯಾಬ್ ನಡುವೆ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಹೆಂಗಸರನ್ನು ಮನೆ ಬಾಗಿಲಿಗೇ ಬಿಡಬೇಕು. ಕೊನೆಯಲ್ಲಿ ಇಳಿಯುವವಳು ಒಬ್ಬಳೇ ಹುಡುಗಿ ಆದರೆ ಗಾರ್ಡ್ ಜೊತೆಗಿರಬೇಕು. ಆ ನಿಯಮ ಇರುವುದು ಒಳ್ಳೆಯದೇ. ಅದಕ್ಕಾಗಿ ತುಂಬ ಜನ ಹೋರಾಡಿದ್ದಾರೆ. ಆದರೆ ಅದರ ಅರ್ಥ, ನಾಲ್ಕು ಗಂಟೆಗೆ ಮಾರ್ಕೆಟ್ ತುಂಬ ಸೊಪ್ಪು ಇದ್ದರೂ ನಾನು ಕ್ಯಾಬ್ ಕಿಟಕಿಯಿಂದ ನೋಡಿಕೊಂಡು ಹೋಗಬೇಕು.

ನಾನು ಏಳುವುದು ಮಧ್ಯಾಹ್ನ. ತಳ್ಳುಗಾಡಿ ನಮ್ಮ ರಸ್ತೆಗೆ ಬರುವುದು ಬೆಳಿಗ್ಗೆ ಎಂಟಕ್ಕೆ. ಎದ್ದ ಮೇಲೆ ಹಾಪ್‌ಕಾಮ್ಸ್ ಸಹಕಾರ ಮಳಿಗೆಗೆ ಹೋದರೆ ಸೊಪ್ಪು ಬಾಡಿರುತ್ತದೆ. ಕ್ಯಾರೆಟ್, ಬೀಟ್‌ರೂಟ್ ಚೆನ್ನಾಗಿರುತ್ತವೆ, ಅಷ್ಟೇ. ರಾಗಿಹಿಟ್ಟು, ಕಾಳು, ಬೆಲ್ಲ, ಕಡಲೆಕಾಯಿ ಎಣ್ಣೆ ಇವೆಲ್ಲ ತಿಂಗಳಿಗೊಮ್ಮೆ ತಂದರೆ ಸಾಕು, ಅದಕ್ಕೆ ತೊಂದರೆ ಇಲ್ಲ. ನನ್ನ ಚಿಂತೆ ಸೊಪ್ಪಿನದ್ದು ಮಾತ್ರ. ಏನು ಮಾಡಲಿ?

ನಸುಕಿನ ಚೀಲ

ಅಕ್ಕ, ಇದನ್ನು ಹೇಳಿದ್ದು ತುಂಬ ಒಳ್ಳೆಯದಾಯಿತು. ನಿಮ್ಮ ಹಾಗೆ ಇರುವವರೇ ಜಾಸ್ತಿ.

ನಮ್ಮ ಬೀದಿಯಲ್ಲಿ ಒಬ್ಬ ನರ್ಸ್ ಇದ್ದಾರೆ. ಅವರು ಗೇಟಿಗೆ ಬಟ್ಟೆ ಚೀಲ ನೇತು ಹಾಕಿ ಮಲಗುತ್ತಾರೆ. ಚೀಟಿ ಬರೆಯುವುದೂ ಇಲ್ಲ. ಸೊಪ್ಪಿನ ಅಮ್ಮ ಅವತ್ತು ಯಾವುದು ಎಳೆಯದಾಗಿದೆಯೋ ಅದನ್ನೇ ಎರಡು ಕಟ್ಟು ಹಾಕಿ ಹೋಗುತ್ತಾರೆ. ದುಡ್ಡು ವಾರಕ್ಕೊಮ್ಮೆ ಫೋನ್‌ಪೇ. ಕೆಳಗಿನ ಮನೆ ಆಂಟಿ ಚೀಲ ಒಳಗಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸುತ್ತಾರೆ. ಮೊದಲು ಒಂದು ದಿನ ಎಚ್ಚರವಿದ್ದು ಆ ಅಮ್ಮನ ಹತ್ತಿರ ಎದುರಾ ಎದುರು ಮಾತಾಡಬೇಕು. ಅದನ್ನು ಬಿಟ್ಟರೆ ಆಗಲ್ಲ. ಗುರುತಿಲ್ಲದ ಚೀಲಕ್ಕೆ ಯಾರೂ ಒಳ್ಳೆಯ ಸೊಪ್ಪು ಹಾಕುವುದಿಲ್ಲ.

"ಇಂಥದ್ದೇ ಬೇಕು" ಅಂತ ಹಟ ಹಿಡಿಯಬೇಡಿ. ಅವತ್ತು ದಂಟು ಬಂದರೆ ದಂಟು, ಸಬ್ಬಸಿಗೆ ಬಂದರೆ ಸಬ್ಬಸಿಗೆ. ಹಾಗೆ ಬಿಟ್ಟುಕೊಟ್ಟರೆ ಒಳ್ಳೆಯದು ನಿಮಗೇ ಸಿಗುತ್ತದೆ.

ಮಾಲೂರು ತೋಟ

ನಾನು ಬೆಳೆಯುವವನು. ಸೊಪ್ಪು, ಹೂಕೋಸು, ಮಳೆ ಚೆನ್ನಾಗಿದ್ದರೆ ಟೊಮೆಟೊ. ಈ ಮಾತುಕತೆ ನೋಡಿ ಬರೆಯಬೇಕು ಅನ್ನಿಸಿತು. ನಮ್ಮದೂ ರಾತ್ರಿ ಪಾಳಿಯೇ. ಅದನ್ನು ಹಾಗಂತ ಯಾರೂ ಕರೆಯುವುದಿಲ್ಲ.

ಸೊಪ್ಪು ಕೀಳುವುದು ಬಿಸಿಲು ಇಳಿದ ಮೇಲೆ. ಬೆಳಿಗ್ಗೆ ಕಿತ್ತರೆ ಮಾರ್ಕೆಟ್ ಹೊತ್ತಿಗೆ ಬಾಡುತ್ತದೆ. ಮೂರು ಗಂಟೆ ಮೇಲೆ ಹೆಂಗಸರು ಕೂತು ಕಟ್ಟು ಕಟ್ಟುತ್ತಾರೆ, ತೊಟ್ಟಿಯಲ್ಲಿ ಅದ್ದುತ್ತಾರೆ, ನೀರು ಸೋರಲು ಬಿಡುತ್ತಾರೆ. ಊಟ ಆದ ಮೇಲೆ ಟೆಂಪೊ ಬರುತ್ತದೆ. ಒಂದೇ ಟೆಂಪೊಗೆ ನಾಲ್ಕೈದು ಮನೆಯವರ ಮಾಲು ಹಾಕುತ್ತೇವೆ, ಬಾಡಿಗೆ ಹಂಚಿಕೊಳ್ಳುತ್ತೇವೆ. ಕಲಾಸಿಪಾಳ್ಯ ಮುಟ್ಟುವಾಗ ನಡುರಾತ್ರಿ. ಅಲ್ಲಿ ಮಂಡಿಯವರು ರೇಟು ಹೇಳುತ್ತಾರೆ. ಬಾಡಿಗೆ, ಹಮಾಲಿ ಕಳೆದು ಉಳಿದದ್ದು ನಮಗೆ. ಮಾಲು ಜಾಸ್ತಿ ಬಂದ ದಿನ ಏನೂ ಉಳಿಯುವುದಿಲ್ಲ. ಕಾಳು ಮೂಟೆಯನ್ನು ಇಟ್ಟುಕೊಂಡು ನಾಳೆ ಮಾರಬಹುದು. ಸೊಪ್ಪಿಗೆ ನಾಳೆ ಅನ್ನುವುದೇ ಇಲ್ಲ. ಬೆಳಕು ಹರಿದ ಮೇಲೆ ಉಳಿದದ್ದು ಅಲ್ಲೇ ಕಸಕ್ಕೆ ಹೋಗುತ್ತದೆ.

ನಿಮ್ಮ ಬೀದಿಗೆ ತಳ್ಳುಗಾಡಿ ತರುವ ಅಮ್ಮ ಇದ್ದಾರಲ್ಲ, ಅವರೂ ಅದೇ ಹೊತ್ತಿಗೆ ಅಲ್ಲಿರುತ್ತಾರೆ. ನಾಲ್ಕು ಗಂಟೆಗೆ ಕಟ್ಟು ಆರಿಸಿ, ಆಟೊ ಹಂಚಿಕೊಂಡು, ಎಂಟಕ್ಕೆ ನಿಮ್ಮ ಗೇಟಿನ ಮುಂದೆ. ಅವರಿಗೂ ನಿದ್ದೆ ಮಧ್ಯಾಹ್ನವೇ.

ಹಾಗಾಗಿ ನನ್ನದೊಂದು ಕೋರಿಕೆ. ನಸುಕಿನಲ್ಲಿ ಸೊಪ್ಪಿಗೆ ಚೌಕಾಸಿ ಮಾಡಬೇಡಿ. ಒಂದು ಕಟ್ಟಿನಲ್ಲಿ ನೀವು ಉಳಿಸುವುದು ಎರಡು ರೂಪಾಯಿ. ಅದು ನೇರ ಕಿತ್ತವರ ಕೂಲಿಯಿಂದ ಹೋಗುತ್ತದೆ. ಇನ್ನೊಂದು ಮಾತು. ನಾಲ್ಕು ಜನ ಸೇರಿ ಕೊಳ್ಳಿ. ಕೋಲಾರದ ಟೊಮೆಟೊ ಬಾಕ್ಸ್ ಹದಿನೈದು ಕಿಲೋ. ಒಬ್ಬರಿಗೆ ಜಾಸ್ತಿ, ನಾಲ್ಕು ಮನೆಗೆ ವಾರಕ್ಕೆ ಸರಿ. ರೇಟು ಬಿದ್ದು ರೈತ ರಸ್ತೆಗೆ ಸುರಿಯುವ ದಿನ ಬರುತ್ತದೆ, ಟಿ.ವಿ.ಯಲ್ಲಿ ನೋಡಿರುತ್ತೀರಿ. ಆ ವಾರ ನೀವು ಒಂದು ಬಾಕ್ಸ್ ತಗೊಂಡು ಗೊಜ್ಜು ಮಾಡಿಟ್ಟರೆ ನಮಗೆ ಅದೇ ದೊಡ್ಡ ಉಪಕಾರ.

ಫ್ಲಾಟ್ 204

ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರಾಗಬೇಡಿ. ಹತ್ತು ನಿಮಿಷದಲ್ಲಿ ತಂದುಕೊಡುವ ಆಪ್‌ಗಳ ಟೊಮೆಟೊ ಕೂಡ ಕೋಲಾರದ್ದೇ. ಅವರ ಖರೀದಿ ಕೇಂದ್ರಗಳು ಹಳ್ಳಿಯಲ್ಲೇ ಇವೆ, ರೈತರಿಂದ ನೇರ ಕೊಳ್ಳುತ್ತಾರೆ. ರಾತ್ರಿ ಎರಡಕ್ಕೂ ಸಿಗುತ್ತದೆ. ಹಾಗಿದ್ದಾಗ ಈ ಕಷ್ಟ ಯಾಕೆ?

ಮಾಲೂರು ತೋಟ

ಬೇಜಾರು ಏನೂ ಇಲ್ಲ ಸರ್. ಅವರು ಕೊಳ್ಳುವುದು ನಿಜ. ತೂಕ ಸರಿ ಇರುತ್ತದೆ, ದುಡ್ಡು ಬ್ಯಾಂಕಿಗೆ ಬರುತ್ತದೆ. ನಾನೂ ಕೊಟ್ಟಿದ್ದೇನೆ. ಆದರೆ ಅವರು ತಗೊಳ್ಳುವುದು ಒಂದೇ ಸೈಜು, ಒಂದೇ ಬಣ್ಣ. ಉಳಿದ ಮಾಲನ್ನು ನಾವು ಮತ್ತೆ ಟೆಂಪೊಗೆ ಹಾಕಲೇಬೇಕು. ಆ ಸೊಟ್ಟ ಸೌತೆಕಾಯಿ, ಸಣ್ಣ ಟೊಮೆಟೊ ಕೊಳ್ಳುವವರು ತಳ್ಳುಗಾಡಿಯವರು, ಹೋಟೆಲಿನವರು. ಅವರು ಇಲ್ಲದಿದ್ದರೆ ನಮ್ಮ ಅರ್ಧ ಬೆಳೆಗೆ ಗಿರಾಕಿ ಇರುವುದಿಲ್ಲ.

ನಸುಕಿನ ಚೀಲ

ಇದರ ಜೊತೆ ಇನ್ನೊಂದಿದೆ. ನಾಟಿ ಟೊಮೆಟೊದ ಹುಳಿ, ಸೊಗಡವರೆಯ ವಾಸನೆ, ಹೊನಗೊನೆ, ಕಿರುಕಸಾಲೆ, ಗಣಿಕೆ ಸೊಪ್ಪು. ಇವು ಆಪ್‌ನಲ್ಲಿ ಸಿಗುವುದು ಅಪರೂಪ. ಸಿಕ್ಕರೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೂರು ಗ್ರಾಂ. ಬೆರಕೆ ಸೊಪ್ಪಿನ ಮಸೊಪ್ಪು ಮಾಡಬೇಕು ಅಂದರೆ ಬೆರಕೆ ಸೊಪ್ಪು ಮಾರುವ ಅಮ್ಮನೇ ಬೇಕು. ಯಾವ ಸೊಪ್ಪಿನ ಜೊತೆ ಯಾವುದು ಹೊಂದುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಅವರು ಗಾಡಿ ನಿಲ್ಲಿಸಿದರೆ ಆ ತಿಳಿವಳಿಕೆಯೂ ನಮ್ಮ ಬೀದಿಗೆ ಬರುವುದು ನಿಲ್ಲುತ್ತದೆ. ನಾನು ಮುಖ್ಯವಾಗಿ ಇದಕ್ಕೇ ಹೋಗುವುದು.

ಆಪ್‌ನಿಂದ ಎಂದೂ ತರಿಸಬಾರದು ಅಂತ ಹೇಳುತ್ತಿಲ್ಲ. ಜ್ವರ ಬಂದು ಮಲಗಿದಾಗ ಅದೇ ಗತಿ.

ಬಿಳಿ ಬೂಟು (ಮಂಗಳೂರು)

ನಾನು ಸ್ಟಾಫ್ ನರ್ಸ್. ನೈಟ್ ಡ್ಯೂಟಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ನಮಗೆ ಇಲ್ಲಿ ಊರಿನದ್ದು ಅಂದರೆ ಮೊದಲು ಮೀನು. ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಬೋಟಿನ ಮೀನು ಇಳಿಸಿ ಏಲಂ ಆಗುವುದು ನಸುಕಿನಲ್ಲಿ. ಡ್ಯೂಟಿ ಬಿಟ್ಟು ಹೋಗುವಷ್ಟರಲ್ಲಿ ದೊಡ್ಡ ಮೀನು ಖಾಲಿಯಾಗಿರುತ್ತದೆ. ಬೂತಾಯಿ, ಬಂಗುಡೆ ಇರುತ್ತದೆ. ನನಗೆ ಅದೇ ಬೇಕು. ಅಗ್ಗ, ರುಚಿ, ಅವತ್ತಿನದ್ದು. ಸಿಟಿಯ ಮೀನು ಮಾರುವ ಅಕ್ಕನವರಲ್ಲಿ ಒಬ್ಬರು ನಮ್ಮ ಹಾಸ್ಟೆಲ್ ದಾರಿಯಲ್ಲೇ ಕೂರುತ್ತಾರೆ. ಕ್ಲೀನ್ ಮಾಡಿ ಕೊಡುತ್ತಾರೆ. ಮನೆಗೆ ಬಂದು ಉಪ್ಪು, ಅರಿಶಿನ, ಮೆಣಸಿನಹುಡಿ ಹಚ್ಚಿ ಫ್ರಿಜ್‌ನಲ್ಲಿಟ್ಟು ಮಲಗುತ್ತೇನೆ. ಸಂಜೆ ಎದ್ದು ಪುಳಿಮುಂಚಿ, ಅಂದರೆ ಹುಳಿ ಖಾರದ ಮೀನಿನ ಸಾರು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಮೀನು ಮೊಟ್ಟೆ ಇಡುವ ಕಾಲ. ಆಗ ಮಾರ್ಕೆಟ್‌ಗೆ ಹೊರರಾಜ್ಯದ ಐಸ್ ಮೀನು ಬರುತ್ತದೆ. ನಾನು ಆ ಎರಡು ತಿಂಗಳು ನಾಡದೋಣಿಯವರ ಮೀನು ಸಿಕ್ಕರೆ ಮಾತ್ರ ಕೊಳ್ಳುತ್ತೇನೆ. ಇಲ್ಲದಿದ್ದರೆ ಒಣಮೀನು ಚಟ್ನಿ, ಹಲಸಿನ ಬೀಜದ ಸುಕ್ಕ, ಹುರುಳಿ ಸಾರು, ಪತ್ರೊಡೆ. ಕೆಸುವಿನ ಎಲೆ ಮಳೆಗಾಲದಲ್ಲಿ ಹಿತ್ತಿಲಲ್ಲೇ ಬೆಳೆಯುತ್ತದೆ. ಮಳೆಗಾಲಕ್ಕೆ ಅಂತಲೇ ನಮ್ಮವರು ಇದನ್ನೆಲ್ಲ ಮಾಡಿಟ್ಟಿದ್ದಾರೆ, ನಾವು ಬಳಸಬೇಕು ಅಷ್ಟೆ.

ಡ್ಯೂಟಿಗೆ ಹೋಗುವ ಮುಂಚೆ ಸರಿಯಾಗಿ ಊಟ. ರಾತ್ರಿ ಹನ್ನೊಂದರ ಸುಮಾರಿಗೆ ಕುಚ್ಚಲಕ್ಕಿ ಗಂಜಿ, ಫ್ಲಾಸ್ಕ್‌ನಲ್ಲಿ ತಂದದ್ದು. ಜೊತೆಗೆ ಮಾವಿನ ಉಪ್ಪಿನಕಾಯಿ ಅಥವಾ ಒಂದೆಲಗದ ಚಟ್ನಿ. ಮೂರು ಗಂಟೆಗೆ ಹಸಿವು ಬಂದ ಹಾಗೆ ಆಗುತ್ತದೆ. ಅದು ಹಸಿವಲ್ಲ, ನಿದ್ದೆ. ನೀರು ಕುಡಿದು ವಾರ್ಡಿನಲ್ಲಿ ಒಂದು ಸುತ್ತು ಹೊಡೆದರೆ ಹೋಗುತ್ತದೆ. ಕ್ಯಾಂಟೀನಿನ ಪಫ್ಸು, ಕೋಲಾ ತಿಂದ ರಾತ್ರಿ ಬೆಳಗಿನ ಜಾವ ಎದೆ ಉರಿ ಖಂಡಿತ.

ಊಟದ ಲೆಕ್ಕ (ಮೈಸೂರು)

ಸಿಸ್ಟರ್ ಹೇಳಿದ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ನಾನು ಡಯಟಿಷಿಯನ್. ರಾತ್ರಿ ಪಾಳಿಯವರನ್ನು ದಿನವೂ ನೋಡುತ್ತೇನೆ.

ನಮ್ಮ ದೇಹದ ಒಳಗೆ ಗಡಿಯಾರ ಇದೆ. ಅದು ಜೀವಕೋಶಗಳಲ್ಲಿ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ರಾತ್ರಿ ಹೊತ್ತು ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ಸಂಭಾಳಿಸುವುದಿಲ್ಲ. ಒಂದೇ ತಟ್ಟೆ ಅನ್ನವನ್ನು ಮಧ್ಯಾಹ್ನ ಒಂದಕ್ಕೆ ತಿಂದಾಗ ಏರುವ ಸಕ್ಕರೆಗಿಂತ ರಾತ್ರಿ ಎರಡಕ್ಕೆ ತಿಂದಾಗ ಏರುವುದು ಜಾಸ್ತಿ. ಇದು ನೀವು ಎಷ್ಟು ವರ್ಷ ರಾತ್ರಿ ಪಾಳಿ ಮಾಡಿದ್ದರೂ ಪೂರ್ತಿ ಬದಲಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೂ, ಮತ್ತೆ 2019ರಲ್ಲೂ ರಾತ್ರಿ ಪಾಳಿಯನ್ನು "ಬಹುಶಃ ಕ್ಯಾನ್ಸರ್ ತರಬಲ್ಲದ್ದು" ಅನ್ನುವ ಗುಂಪಿನಲ್ಲಿಟ್ಟಿದೆ. ಹೆದರಿಸಲು ಹೇಳುತ್ತಿಲ್ಲ. ಊಟ, ನಿದ್ದೆ ಎರಡನ್ನೂ ಹಗುರವಾಗಿ ನೋಡಬೇಡಿ ಅಂತ.

ಮುಖ್ಯ ಊಟ ಪಾಳಿಗೆ ಮುಂಚೆ ಇರಲಿ. ಮುದ್ದೆ, ಸೊಪ್ಪಿನ ಸಾರು, ಕಾಳಿನ ಪಲ್ಯ ಸಂಜೆ ಐದಕ್ಕೆ ತಿಂದರೆ ತಪ್ಪೇನಿಲ್ಲ. ರಾತ್ರಿ ಹಗುರ. ಮಜ್ಜಿಗೆ, ಹುರಿಗಡಲೆ, ಕಡಲೆಕಾಯಿ, ಮೊಳಕೆ ಹೆಸರುಕಾಳಿನ ಕೋಸಂಬರಿ. ಕಾಫಿ ಕುಡಿದ ಐದಾರು ಗಂಟೆ ಆದ ಮೇಲೂ ಅದರ ಅರ್ಧ ಭಾಗ ಮೈಯಲ್ಲಿ ಇರುತ್ತದೆ. ನಡುರಾತ್ರಿ ದಾಟಿದ ಮೇಲೆ ಬೇಡ.

ಮಾರ್ಕೆಟ್ ವಿಷಯಕ್ಕೂ ಇದಕ್ಕೂ ಒಂದು ಸಂಬಂಧ ಇದೆ, ಯಾರೂ ಹೇಳಲಿಲ್ಲ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ "ಹಗಲಾಯಿತು, ಏಳು" ಅನ್ನುತ್ತದೆ. ಎಂಟು ಗಂಟೆ ಬಿಸಿಲಲ್ಲಿ ಅರ್ಧ ಗಂಟೆ ಮಾರ್ಕೆಟ್ ಸುತ್ತಿದರೆ ಆಮೇಲೆ ನಿದ್ದೆ ಬರುವುದು ಕಷ್ಟ. ನಾಲ್ಕು ಗಂಟೆಗೆ ಹೋಗಿ ಬರುವವರಿಗೆ ಈ ತೊಂದರೆ ಇಲ್ಲ. ಎಂಟಕ್ಕೆ ಪಾಳಿ ಬಿಡುವವರು ತಂಪು ಕನ್ನಡಕ ಹಾಕಿಕೊಳ್ಳಿ, ದಾರಿಯಲ್ಲಿ ಸಿಗುವ ಒಂದೇ ಅಂಗಡಿಯಲ್ಲಿ ಮುಗಿಸಿ. ಇಡೀ ರಾತ್ರಿ ಎದ್ದಿದ್ದು ಸ್ವಂತ ಬೈಕಿನಲ್ಲಿ ಮಾರ್ಕೆಟ್‌ಗೆ ಹೋಗಲೇಬೇಡಿ. ತೂಕಡಿಕೆ ಒಂದೇ ಕ್ಷಣ ಸಾಕು. ತಾಜಾ ಸೊಪ್ಪಿಗಿಂತ ಜೀವ ದೊಡ್ಡದು.

ಬಿಳಿ ಬೂಟು

ಬೈಕಿನ ಮಾತು ನೂರಕ್ಕೆ ನೂರು ನಿಜ ಮೇಡಂ. ಬೆಳಿಗ್ಗೆ ಎಂಟೂವರೆಗೆ ನಮ್ಮ ಕ್ಯಾಶುವಲ್ಟಿಗೆ ಹಾಗೆ ಬಿದ್ದು ಬರುವವರನ್ನು ನೋಡುತ್ತೇವೆ. ನಾನು ಬಸ್ಸಿನಲ್ಲೇ ಹೋಗುವುದು.

ಸಿ ಶಿಫ್ಟ್ (ತೋರಣಗಲ್ಲು)

ನಮಸ್ಕಾರ್ರೀ. ನಾನು ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ನಮ್ಮದು ತಿರುಗುವ ಪಾಳಿ. ಎ ಶಿಫ್ಟ್ ಆರರಿಂದ ಎರಡು, ಬಿ ಎರಡರಿಂದ ಹತ್ತು, ಸಿ ರಾತ್ರಿ ಹತ್ತರಿಂದ ಆರು. ನಿಮ್ಮ ಬೆಂಗಳೂರಿನವರಿಗೆ ಪಾಳಿ ಖಾಯಂ ಆದರೂ ಇರುತ್ತದೆ. ನಮಗೆ ನಿದ್ದೆಯ ಹೊತ್ತೂ ತಿರುಗುತ್ತಲೇ ಇರುತ್ತದೆ. ಸಂತೆ ದಿನ ಸಿ ಶಿಫ್ಟ್ ಇದ್ದರೆ ಮಧ್ಯಾಹ್ನ ಎದ್ದು ಹೋಗಬಹುದು. ಎ ಶಿಫ್ಟ್ ಇದ್ದರೆ ಎರಡಕ್ಕೆ ಬಿಟ್ಟ ಮೇಲೆ ಹೋಗುತ್ತೇವೆ. ಬಿ ಶಿಫ್ಟ್ ಬಿದ್ದ ವಾರ ಮುಂಜಾನೆಯೇ ಹೋಗಬೇಕು, ಆಗಿನ್ನೂ ಅರ್ಧ ಅಂಗಡಿ ಹಚ್ಚಿರುವುದಿಲ್ಲ.

ನಮ್ಮ ಕಡೆ ಊಟಕ್ಕೆ ಒಂದು ಅನುಕೂಲ ಐತಿ. ಕಡಕ್ ರೊಟ್ಟಿ. ಜೋಳದ ರೊಟ್ಟಿ ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿದ್ದು. ತಿಂಗಳುಗಟ್ಟಲೆ ಕೆಡುವುದಿಲ್ಲ. ಫ್ರಿಜ್ ಬೇಡ, ಬಿಸಿ ಮಾಡುವುದು ಬೇಡ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಇವೂ ಒಣ ಪುಡಿಯೇ. ಡಬ್ಬಿಯಲ್ಲಿ ಇಟ್ಟರೆ ಒಂದು ಪಾಳಿ ಏನು, ಒಂದು ತಿಂಗಳು ನಡೆಯುತ್ತದೆ. ರಾತ್ರಿ ಒಂದು ಗಂಟೆಗೆ ರೊಟ್ಟಿ ಮುರಿದು ಮೊಸರು, ಚಟ್ನಿ, ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ. ಹೊಟ್ಟೆ ಭಾರ ಆಗುವುದಿಲ್ಲ. ಬಿಸಿಯಲ್ಲಿ, ಫರ್ನೇಸ್ ಹತ್ತಿರ ಕೆಲಸ ಮಾಡುವವರಿಗೆ ಮಜ್ಜಿಗೆ, ಉಪ್ಪು ತುಂಬ ಮುಖ್ಯ.

ರೊಟ್ಟಿ ನಾನು ತಗೊಳ್ಳುವುದು ನಮ್ಮ ಓಣಿಯಲ್ಲಿ ಮನೆಯಲ್ಲೇ ಬಡಿಯುವ ಅಕ್ಕನವರ ಹತ್ತಿರ. ಅವರ ಜೋಳ ಅದೇ ತಾಲೂಕಿನದ್ದು, ಬಡಿಯುವವರು ಅದೇ ಓಣಿಯವರು, ತಿನ್ನುವವರೂ ಅಲ್ಲಿಯವರೇ. ಊರಿನದ್ದು ಅಂದರೆ ಇದಕ್ಕಿಂತ ಇನ್ನೇನು ಬೇಕ್ರೀ? ನಮ್ಮ ಗ್ಯಾಂಗಿನವರು ಸೇರಿ ಒಟ್ಟಿಗೆ ಹೇಳುತ್ತೇವೆ. ಪಾಳಿ ಯಾವುದು ಬಂದರೂ ಅವರ ಮನೆಯ ಬಾಗಿಲು ಬಡಿದು ಗಂಟು ತಗೊಂಡು ಬರಬಹುದು. ಅಂಗಡಿಯ ಹೊತ್ತು ಕಾಯುವ ಕೆಲಸವೇ ಇಲ್ಲ.

ಬೆಂಗಳೂರಿನಲ್ಲಿ ನಮ್ಮ ಕಡೆಯ ಖಾನಾವಳಿಗಳು ಬಹಳ ಇವೆ. ಅಲ್ಲೂ ಕಡಕ್ ರೊಟ್ಟಿ ಕಟ್ಟಿ ಕೊಡುತ್ತಾರೆ, ಕೇಳಿ ನೋಡಿ.

ಗೇಟ್ ನಂ. 2 (ಪೀಣ್ಯ)

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ದುಡ್ಡಿನ ಮಾತು ಯಾರೂ ಆಡಲಿಲ್ಲ, ನಾನು ಆಡುತ್ತೇನೆ.

ನಾನು ಸೆಕ್ಯೂರಿಟಿ ಗಾರ್ಡ್. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ವಾರದ ರಜೆ ಖಾತ್ರಿ ಇಲ್ಲ. ರೂಮಿನಲ್ಲಿ ನಾಲ್ಕು ಜನ ಇದ್ದೇವೆ, ಒಂದೇ ಒಲೆ. ಡ್ಯೂಟಿ ಬಿಟ್ಟು ಇಂದಿರಾ ಕ್ಯಾಂಟೀನ್‌ಗೆ ಹೋಗುತ್ತೇನೆ. 2017ರಲ್ಲಿ ಶುರುವಾದಾಗಿನಿಂದ ನನ್ನಂಥವರಿಗೆ ಅದೇ ಆಸರೆ. ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಅದು ಊರಿನದ್ದೋ ಅಲ್ಲವೋ ಅಂತ ಯೋಚಿಸುವ ಸ್ಥಿತಿ ನಮಗಿಲ್ಲ. ಆದರೆ ಇಡ್ಲಿ ಬಿಸಿಯಾಗಿರುತ್ತದೆ. ರಾತ್ರಿ ಪಾಳಿಯವರ ಪರವಾಗಿ ಕೇಳುವುದಾದರೆ ನಾನು ಕೇಳುವುದು ಒಂದೇ. ದೊಡ್ಡ ಆಸ್ಪತ್ರೆ, ಮಾರ್ಕೆಟ್, ಬಸ್ ಸ್ಟ್ಯಾಂಡ್ ಹತ್ತಿರದ ಕ್ಯಾಂಟೀನ್ ರಾತ್ರಿ ಹನ್ನೆರಡಕ್ಕೂ ಒಂದು ಊಟ ಕೊಡಲಿ. ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಅಂಗಡಿಗಳನ್ನು ಇಪ್ಪತ್ನಾಲ್ಕು ಗಂಟೆ ತೆರೆಯಲು 2021ರಲ್ಲೇ ಸರ್ಕಾರ ಅನುಮತಿ ಕೊಟ್ಟಿತು. ದುಡ್ಡಿರುವವರಿಗೆ ಈಗ ರಾತ್ರಿಯೂ ಎಲ್ಲ ಸಿಗುತ್ತದೆ. ಹತ್ತು ರೂಪಾಯಿಯ ಊಟವೂ ರಾತ್ರಿ ಸಿಗಬೇಕು ಅಲ್ವಾ?

ರೇಷನ್ ರಾಗಿ ಊರಿಂದ ಬರುತ್ತದೆ. ಅಮ್ಮ ಬೀಸಿಸಿ ಬಸ್ಸಿನಲ್ಲಿ ಕಳಿಸುತ್ತಾರೆ. ಇಲ್ಲಿ ರಾಗಿ ಮಿಲ್ ಬಾಗಿಲು ತೆಗೆಯುವುದು ಹತ್ತಕ್ಕೆ, ನಾನು ಆಗ ನಿದ್ದೆಯಲ್ಲಿ ಇರುತ್ತೇನೆ. ಬೆಳಿಗ್ಗೆ ಮಲಗುವ ಮುಂಚೆ ರಾಗಿಹಿಟ್ಟು ನೀರಿಗೆ ಕಲಸಿ, ಗಂಜಿ ಕಾಯಿಸಿ, ಆರಿಸಿ ಮುಚ್ಚಿಡುತ್ತೇನೆ. ಸಂಜೆ ಏಳುವಷ್ಟರಲ್ಲಿ ಸ್ವಲ್ಪ ಹುಳಿ ಬಂದಿರುತ್ತದೆ. ಮಜ್ಜಿಗೆ, ಈರುಳ್ಳಿ, ಉಪ್ಪು ಹಾಕಿ ಅಂಬಲಿ ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತೇನೆ. ಹಗಲಿನವರು ರಾತ್ರಿ ಹುಳಿಗಿಡುತ್ತಾರೆ, ನಾನು ಹಗಲು ಇಡುತ್ತೇನೆ. ಬೇಸಿಗೆಯಲ್ಲಿ ಬೇಗ ಹುಳಿಯಾಗುತ್ತದೆ, ಆಗ ಬಿಂದಿಗೆ ನೀರಿನಲ್ಲಿ ಪಾತ್ರೆ ಇಡಬೇಕು.

ಊಟದ ಲೆಕ್ಕ

ಸರ್, ನಿಮ್ಮ ಅಂಬಲಿ ತುಂಬ ಒಳ್ಳೆಯ ರಾತ್ರಿ ಆಹಾರ. ಕಡಿಮೆ ಖರ್ಚು, ಹೊಟ್ಟೆಗೆ ಹಗುರ, ಕ್ಯಾಲ್ಸಿಯಂ ಧಾರಾಳ. ಸಕ್ಕರೆ ಕಾಯಿಲೆ ಇರುವವರು ಅಳತೆ ನೋಡಿಕೊಂಡು ಕುಡಿಯಬೇಕು, ಅಷ್ಟೇ. ಕ್ಯಾಂಟೀನಿನ ರಾತ್ರಿ ಊಟದ ಬೇಡಿಕೆಗೆ ನನ್ನ ಪೂರ್ತಿ ಬೆಂಬಲ. ಆಸ್ಪತ್ರೆಯಲ್ಲಿ ರೋಗಿಯ ಜೊತೆ ರಾತ್ರಿ ಕೂರುವವರಿಗೂ ಅದು ಬೇಕು.

ಲಾಲ್‌ಬಾಗ್ ದಾರಿ

ಹಾಪ್‌ಕಾಮ್ಸ್ ಬಗ್ಗೆ ಬಂತಲ್ಲ, ಒಂದು ಮಾತು. ಅದು 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು. ಎಂ.ಎಚ್. ಮರೀಗೌಡರು ತೋಟಗಾರಿಕೆ ಇಲಾಖೆಯಲ್ಲಿದ್ದಾಗ ಬೆಳೆಸಿದ ಯೋಜನೆ. ದಲ್ಲಾಳಿ ಇಲ್ಲದೆ ರೈತನಿಂದ ಪೇಟೆಗೆ ತರಬೇಕು ಅನ್ನುವುದೇ ಅದರ ಉದ್ದೇಶ. ಪಾಳಿಯವರು ಅದನ್ನು ಬಿಡಬೇಡಿ. ಮಳಿಗೆಯವರನ್ನು ಪರಿಚಯ ಮಾಡಿಕೊಂಡು "ಎರಡು ಕಟ್ಟು ಮೆಂತ್ಯ ತೆಗೆದಿಡಿ, ನಾಲ್ಕಕ್ಕೆ ಬರುತ್ತೇನೆ" ಅಂತ ಹೇಳಿ. ನಮ್ಮ ಕಡೆಯ ಮಳಿಗೆಯಲ್ಲಿ ಗೋಣಿಚೀಲ ಒದ್ದೆ ಮಾಡಿ ಅದರೊಳಗೆ ಇಡುತ್ತಾರೆ. ಬಾಡುವುದಿಲ್ಲ.

ಕೊನೆಯ ಡ್ರಾಪ್

ಎಲ್ಲರಿಗೂ ಥ್ಯಾಂಕ್ಸ್. ನಮ್ಮ ರಸ್ತೆಯ ಸೊಪ್ಪಿನ ಅಮ್ಮನ ಹತ್ತಿರ ಮಾತಾಡಿದೆ. ಗೇಟಿನ ಚೀಲ ಶುರುವಾಗಿದೆ. ಅವರು ಕೇಳಿದ್ದು ಒಂದೇ, "ಮುಂಚೆಯೇ ದುಡ್ಡು ಕೊಟ್ಟರೆ ನನಗೆ ಮಾರ್ಕೆಟ್‌ನಲ್ಲಿ ಕೈಯಲ್ಲಿ ದುಡ್ಡು ಇರುತ್ತದೆ" ಅಂತ. ಆ ಮಾತು ನನಗೆ ನಾಟಿತು. ಬಂಡವಾಳಕ್ಕೆ ದಿನಬಡ್ಡಿಗೆ ಸಾಲ ಮಾಡುವವರು ಎಷ್ಟು ಜನ ಇದ್ದಾರೆ. ನಾವು ವಾರದ ಸೊಪ್ಪಿನ ದುಡ್ಡನ್ನು ಸೋಮವಾರವೇ ಹಾಕಿದರೆ ನಮಗೇನೂ ನಷ್ಟ ಇಲ್ಲ. ಈಗ ನಮ್ಮ ಬಿಲ್ಡಿಂಗಿನ ಇನ್ನಿಬ್ಬರು ರಾತ್ರಿ ಪಾಳಿ ಹುಡುಗಿಯರೂ ಸೇರಿಕೊಂಡಿದ್ದಾರೆ.

ಆಫೀಸಿನಲ್ಲೂ ಒಂದು ಪ್ರಯತ್ನ ನಡೆದಿದೆ. ನಡುರಾತ್ರಿ ಕೆಫೆಟೇರಿಯಾದಲ್ಲಿ ಸಿಗುತ್ತಿದ್ದದ್ದು ಫ್ರೈಡ್ ರೈಸ್, ನೂಡಲ್ಸ್, ಸಮೋಸ ಮಾತ್ರ. ನಮ್ಮ ಫ್ಲೋರಿನವರೆಲ್ಲ ಸಹಿ ಹಾಕಿ ಕೊಟ್ಟೆವು. ಮಜ್ಜಿಗೆ, ಕೋಸಂಬರಿ, ಬೇಯಿಸಿದ ಕಡಲೆಕಾಯಿ, ವಾರಕ್ಕೆರಡು ದಿನ ರಾಗಿ ರೊಟ್ಟಿ ಬೇಕು ಅಂತ. ಮಜ್ಜಿಗೆ, ಕಡಲೆಕಾಯಿ ಬಂದಿವೆ. ರಾಗಿ ರೊಟ್ಟಿಗೆ ಕೈ ಬೇಕು, ತಟ್ಟುವವರಿಲ್ಲ ಅಂತಾರೆ. ಕೇಳುತ್ತಲೇ ಇರುತ್ತೇವೆ.

ಇನ್ನು ಪ್ರಶ್ನೆ. ಸೊಪ್ಪು ಎರಡು ದಿನ ಇಡಬೇಕು ಅಂದರೆ ಹೇಗೆ?

ಮಾಲೂರು ತೋಟ

ತೊಳೆದು ಇಡಬೇಡಿ ಅಮ್ಮ. ತೊಳೆದದ್ದೇ ಕೊಳೆಯುವುದು. ಕಟ್ಟು ಬಿಚ್ಚಿ. ಕಟ್ಟಿದ ಜಾಗದಲ್ಲೇ ಮೊದಲು ಕಪ್ಪಾಗುತ್ತದೆ. ಹಳದಿ ಎಲೆ ತೆಗೆದುಹಾಕಿ, ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್‌ನ ಕೆಳಗಿನ ಡಬ್ಬದಲ್ಲಿ ಇಡಿ. ಕೊತ್ತಂಬರಿ, ಪುದೀನ ಆದರೆ ಬೇರು ಸಮೇತ ಲೋಟದ ನೀರಿನಲ್ಲಿ ನಿಲ್ಲಿಸಿ. ಫ್ರಿಜ್ ಇಲ್ಲದವರು ಮಣ್ಣಿನ ಮಡಕೆಯಲ್ಲಿ ಒದ್ದೆ ಬಟ್ಟೆ ಹಾಕಿ ಇಡಬಹುದು, ಒಂದು ದಿನ ಚೆನ್ನಾಗಿರುತ್ತದೆ. ಮೆಂತ್ಯ, ಪಾಲಕ್ ಮೊದಲು ಮುಗಿಸಿ. ದಂಟು, ನುಗ್ಗೆ ಸ್ವಲ್ಪ ತಡೆಯುತ್ತವೆ.

ಬಸ್ಸಾರು ಮಾಡಿದರೆ ಇನ್ನೂ ಸುಲಭ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ಬಸಿದರೆ ಆ ಬಸಿದ ನೀರಿನಿಂದ ಸಾರು, ಬೆಂದದ್ದರಿಂದ ಪಲ್ಯ. ಒಂದೇ ಒಲೆ, ಎರಡು ಪದಾರ್ಥ. ಸಾರು ಮರುದಿನಕ್ಕೆ ಇನ್ನೂ ರುಚಿ.

ಗೇಟ್ ನಂ. 2

ಹುರಿಹಿಟ್ಟು ಗೊತ್ತಿರುವವರು ಯಾರಾದರೂ ಇದ್ದೀರಾ? ಅಜ್ಜಿ ಇದ್ದಾಗ ಮಾಡುತ್ತಿದ್ದರು. ರಾತ್ರಿ ಗೇಟಿನಲ್ಲಿ ಒಲೆ ಇಲ್ಲದೆ ತಿನ್ನಲು ಅದಕ್ಕಿಂತ ಒಳ್ಳೆಯದು ಇಲ್ಲ.

ಲಾಲ್‌ಬಾಗ್ ದಾರಿ

ಗೊತ್ತು. ರಾಗಿ ಆರಿಸಿ, ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ಕೆಲವು ಗಂಟೆ ಬಿಡಬೇಕು. ಮೇಲಿನ ತೇವ ಆರುವಷ್ಟು ಹರಡಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಒಂದೊಂದೇ ಹಿಡಿ ಹಾಕಿ ಕೈಬಿಡದೆ ಆಡಿಸಬೇಕು. ಪಟಪಟ ಅಂತ ಬಿಳಿ ಅರಳಾಗುತ್ತದೆ. ಜರಡಿ ಹಿಡಿದು, ಹುರಿಗಡಲೆ, ಏಲಕ್ಕಿ ಸೇರಿಸಿ ಬೀಸಿಸಬೇಕು. ತೇವ ತಗಲದ ಡಬ್ಬದಲ್ಲಿ ತಿಂಗಳು ಇರುತ್ತದೆ. ತಿನ್ನುವಾಗ ಬೆಲ್ಲದ ಜೊತೆ ಹಾಲು, ಇಲ್ಲವೇ ಉಪ್ಪಿನ ಜೊತೆ ಮೊಸರು. ಬಾಳೆಹಣ್ಣು ಕಿವುಚಿದರೂ ಆಗುತ್ತದೆ. ಮಾಡಲು ಆಗದಿದ್ದರೆ ಹಳೆಯ ಬಡಾವಣೆಗಳ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಬಸವನಗುಡಿ, ಮಲ್ಲೇಶ್ವರದ ಕಡೆ ಕೇಳಿ. ಸಂಜೆಯೂ ತೆರೆದಿರುತ್ತವೆ, ಡ್ಯೂಟಿಗೆ ಹೋಗುವ ದಾರಿಯಲ್ಲೇ ಆಗುತ್ತದೆ.

ನಸುಕಿನ ಚೀಲ

ಪೀಣ್ಯದ ಅಣ್ಣ, ನಾನು ಈ ವಾರ ಹುರಿಹಿಟ್ಟು ಮಾಡಿಸುತ್ತಿದ್ದೇನೆ. ನಿಮ್ಮ ರೂಮಿಗೂ ಒಂದು ಡಬ್ಬ ಸೇರಿಸುತ್ತೇನೆ, ಎಲ್ಲಿಗೆ ಕಳಿಸಬೇಕು ಅಂತ ನನಗೆ ಖಾಸಗಿಯಾಗಿ ತಿಳಿಸಿ.

ಮಾಲೂರು ಅಣ್ಣ, ಟೊಮೆಟೊ ಬಾಕ್ಸ್ ವಿಷಯ. ಎಚ್.ಎಸ್.ಆರ್., ಬೊಮ್ಮನಹಳ್ಳಿ, ಬಿ.ಟಿ.ಎಂ. ಕಡೆಯ ರಾತ್ರಿ ಪಾಳಿಯವರು ನಾಲ್ಕು ಮನೆ ಸೇರಿದರೆ ಶನಿವಾರ ನಸುಕಿಗೆ ಒಂದು ಬಾಕ್ಸ್ ನಾನು ತಂದು ಹಂಚುತ್ತೇನೆ. ನನಗೂ ಎಚ್.ಎಸ್.ಆರ್. ಅಕ್ಕನಿಗೂ ಸೇರಿ ಎರಡು ಮನೆ ಆಯಿತು. ಇನ್ನೆರಡು ಬೇಕು. ಸೊಟ್ಟದ್ದು, ಸಣ್ಣದ್ದು ಇದ್ದರೂ ಪರವಾಗಿಲ್ಲ ಅನ್ನುವವರು ಮಾತ್ರ ಹೆಸರು ಹಾಕಿ.

ಫ್ಲಾಟ್ 204

ನನ್ನದು ಒಂದು ಹಾಕಿ. ನಾನು ಬಿ.ಟಿ.ಎಂ. ಎರಡನೇ ಹಂತ, ಬೆಳಿಗ್ಗೆ ಐದರವರೆಗೂ ಎದ್ದಿರುತ್ತೇನೆ. ನಾಟಿ ಟೊಮೆಟೊ ಸಿಕ್ಕರೆ ಅದನ್ನೇ ತನ್ನಿ.